ಸೆಂಟ್ರಿಯೋಲ್ ಪ್ರಾಣಿಗಳ ಸ್ವಂತ ಸೊತ್ತಲ್ಲ

ಕೋಶವಿಭಜನೆಯ ಚಿತ್ರಗಳಲ್ಲಿ ಕಾಣುವ ಪುಟ್ಟ ಕೊಳವೆ ಸೆಂಟ್ರಿಯೋಲ್. ಅದು ಪ್ರಾಣಿಕೋಶದಲ್ಲಿದೆ, ಸಸ್ಯಕೋಶದಲ್ಲಿಲ್ಲ ಎನ್ನುತ್ತದೆ ಇವೆರಡನ್ನೂ ಹೋಲಿಸುವ ಶಾಲೆಯ ಕೋಷ್ಟಕ. ಹಾಗಾದರೆ ಅದು ಪ್ರಾಣಿಗಳಲ್ಲೇ ಹೊಸದಾಗಿ ಹುಟ್ಟಿತೇ, ಇಲ್ಲವೇ ಮೈಟೊಕಾಂಡ್ರಿಯದಂತೆ ಹೊರಗಿನಿಂದ ಬಂದು ಸೇರಿಕೊಂಡ ಬ್ಯಾಕ್ಟೀರಿಯವೇ ಎಂದು ಕೇಳಿದ್ದೀರಿ. ಎರಡೂ ಅಲ್ಲ.

ಆ ಕೋಷ್ಟಕವನ್ನು ನಾನೂ ಉರುಹೊಡೆದವನೇ. ಅದು ಹೇಳುವುದು ಹೂಬಿಡುವ ಗಿಡಗಳ ಮಟ್ಟಿಗೆ ಸರಿ. ಆದರೆ ಜರೀಗಿಡ, ಹಾವಸೆ, ಗಿಂಕ್ಗೊ ಮರಗಳ ವೀರ್ಯಾಣುಗಳು ಈಜುತ್ತವೆ. ಅವು ರೂಪುಗೊಳ್ಳುವ ಹೊತ್ತಿಗೆ, ಅಲ್ಲಿಯವರೆಗೂ ಇಲ್ಲದಿದ್ದ ಸೆಂಟ್ರಿಯೋಲ್‌ಗಳು ಕೋಶದೊಳಗೆ ಕಟ್ಟಿಕೊಳ್ಳುತ್ತವೆ. ಶಿಲೀಂಧ್ರಗಳದ್ದೂ ಇದೇ ಕಥೆ: ಕಶಾಂಗವೆಂಬ ಚಾಟಿಯಂಥ ಬಾಲ ಬೀಸಿ ಈಜುವ ಕೈಟ್ರಿಡ್ ಎಂಬ ಶಿಲೀಂಧ್ರಗಳಲ್ಲಿ ಸೆಂಟ್ರಿಯೋಲ್ ಉಂಟು, ಈಜು ಬಿಟ್ಟ ಯೀಸ್ಟ್‌ನಲ್ಲಿ ಇಲ್ಲ. ಕಶಾಂಗ ಹೋದಲ್ಲಿ ಇದೂ ಹೋಗಿದೆ. ಯಾಕೆಂದರೆ ಸೆಂಟ್ರಿಯೋಲ್ ಎಂದರೆ ಮೂಲತಃ ಕಶಾಂಗದ ಬುಡ. ಮೂರು ಮೂರರ ಒಂಬತ್ತು ಗುಂಪಾಗಿ ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನ್ ನಳಿಕೆಗಳು ನಿಂತ ಆ ಕೊಳವೆ, ಅದಕ್ಕೆ ಅಚ್ಚು ಹಾಕಿಕೊಡುವ ಸಾಸ್-6 ಪ್ರೋಟೀನ್, ಎರಡೂ ಮನುಷ್ಯನಲ್ಲಿವೆ, ಹಸಿರು ಪಾಚಿ ಕ್ಲಾಮಿಡೊಮೊನಾಸ್‌ನಲ್ಲಿವೆ. ಇಷ್ಟು ದೂರದ ನೆಂಟರಲ್ಲಿ ಒಂದೇ ಯಂತ್ರ ಬೇರೆ ಬೇರೆಯಾಗಿ ಹುಟ್ಟಿತೆಂದು ನಂಬುವುದು ಕಷ್ಟ. ನ್ಯೂಕ್ಲಿಯಸ್ ಇರುವ ಜೀವಿಗಳೆಲ್ಲಕ್ಕೂ ಮೂಲವಾದ ಪೂರ್ವಜನಲ್ಲೇ ಅದಿತ್ತು. ಹೂಗಿಡಗಳೂ ಯೀಸ್ಟ್‌ನಂಥ ಶಿಲೀಂಧ್ರಗಳೂ ಆಮೇಲೆ ಕಳೆದುಕೊಂಡವು.

ಹಾಗಿದ್ದರೆ ಕೋಶವಿಭಜನೆ? ನನ್ನ ಪ್ರಕಾರ ಅದು ಇದರ ಮೇಲುಸಂಪಾದನೆ. 2006ರಲ್ಲಿ ಹಣ್ಣುನೊಣದ ಒಂದು ಜೀನ್ ಕೆಡಿಸಿ ಸೆಂಟ್ರಿಯೋಲ್ ಇಲ್ಲದಂತೆ ಮಾಡಿದಾಗ, ಕೋಶಗಳು ವಿಭಜನೆಯಾಗುತ್ತಲೇ ಹೋಗಿ ನೊಣ ಪ್ರಾಯಕ್ಕೂ ಬಂತು. ಸಂವೇದನೆಯ ನರಕೋಶಗಳಲ್ಲಿ ಸಿಲಿಯಾ (ಕಶಾಂಗದಂಥದೇ ಸಣ್ಣ ಕೂದಲೆಳೆಗಳು) ಇಲ್ಲದ್ದರಿಂದ ಸ್ವಲ್ಪದರಲ್ಲೇ ಸತ್ತಿತು. ವಿಭಜನೆಯಲ್ಲಿ ಕ್ರೋಮೊಸೋಮ್‌ಗಳನ್ನು ಎಳೆದು ಬೇರ್ಪಡಿಸುವ ಕದಿರೆಳೆಗಳನ್ನು ಶುರುಮಾಡಿಕೊಡುವ ಕೆಲಸಕ್ಕೆ ಎಲ್ಲರಿಗೂ ಸಾಮಾನ್ಯವಾಗಿ ಬೇಕಾಗುವುದು ಗಾಮಾ-ಟ್ಯೂಬುಲಿನ್ ಎಂಬ ಪ್ರೋಟೀನ್. ಪ್ರಾಣಿಗಳು ಅದನ್ನು ಸೆಂಟ್ರಿಯೋಲಿನ ಸುತ್ತ ಕೂರಿಸಿಕೊಂಡಿವೆ, ಯೀಸ್ಟ್ ನ್ಯೂಕ್ಲಿಯಸ್ಸಿನ ಪೊರೆಯಲ್ಲಿ ಹುದುಗಿದ ತಟ್ಟೆಯಂಥ ರಚನೆಯಲ್ಲಿ ಇಟ್ಟುಕೊಂಡಿದೆ, ಹೂಗಿಡಗಳಲ್ಲಿ ಅದಕ್ಕೆ ಇಂಥದ್ದೇ ಎಂಬ ನೆಲೆಯಿಲ್ಲ.

ಇನ್ನು ಬ್ಯಾಕ್ಟೀರಿಯದ ಮಾತು. ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಹಾಗೆ ವಾದಿಸಿದ್ದರು: ಸುರುಳಿಯಾಕಾರದ ಸ್ಪೈರೊಕೀಟ್ ಬ್ಯಾಕ್ಟೀರಿಯ ಕೋಶಕ್ಕಂಟಿ ಕಶಾಂಗವಾಯಿತಂತೆ. ಮೈಟೊಕಾಂಡ್ರಿಯ, ಕ್ಲೋರೊಪ್ಲಾಸ್ಟ್ ವಿಷಯದಲ್ಲಿ ಗೆದ್ದ ವಾದ ಇಲ್ಲಿ ನಿಲ್ಲಲಿಲ್ಲ. ಒಂದು ಕಾಲದ ಬ್ಯಾಕ್ಟೀರಿಯಗಳಾದ ಅವೆರಡಕ್ಕೂ ತಮ್ಮದೇ ಪೊರೆ, ತಮ್ಮದೇ ಡಿಎನ್‌ಎ ಉಂಟು; ಸೆಂಟ್ರಿಯೋಲಿಗೆ ತನ್ನದೇ ಪೊರೆಯಿಲ್ಲ. 1989ರಲ್ಲಿ ಕ್ಲಾಮಿಡೊಮೊನಾಸ್‌ನ ಕಶಾಂಗದ ಬುಡದಲ್ಲಿ ಡಿಎನ್‌ಎ ಇದೆಯೆಂಬ ವರದಿ ಬಂದು ದೊಡ್ಡ ಸುದ್ದಿಯಾಯಿತು. ಮತ್ತೆ ಹುಡುಕಿದಾಗ ಆ ಡಿಎನ್‌ಎ ಸಿಕ್ಕಿದ್ದು ನ್ಯೂಕ್ಲಿಯಸ್ಸಿನಲ್ಲಿ.