ದುಬೈಗೆ ಹೊರಟವರು ಊರಿನ ಮೊಬೈಲ್ ನಂಬರನ್ನು ಉಳಿಸಿಕೊಳ್ಳುವುದು ಹೇಗೆ?

ಮುಂದಿನ ತಿಂಗಳು ಕಾರವಾರದಿಂದ ದುಬೈಗೆ ಕೆಲಸಕ್ಕೆ ಹೊರಡಲಿರುವ ನೀವು, ಈಗಿರುವ ಸಿಮ್ಮನ್ನು ಮನೆಯಲ್ಲಿ ತಮ್ಮನ ಬಳಿ ಬಿಟ್ಟುಹೋದರೆ ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಿಮ್ ನಿಮ್ಮ ಜೊತೆಗೇ ಬರಲಿ.

ನಾನು ಹೊನ್ನಾವರದ ಕಡೆಯವನು. ದುಬೈಗೆ ಬರುವಾಗ ನಾನೂ ಸಿಮ್ಮನ್ನು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ ಆಯಿಯ ಕೈಗೆ ಕೊಟ್ಟು ಬಂದಿದ್ದೆ. ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜಗಲಿಯ ಕಿಟಕಿಯ ಸರಳಿಗೆ ಕಟ್ಟಿಡುತ್ತಿದ್ದಳು. ನಾನು ಹಣ ವರ್ಗಾಯಿಸಬೇಕಾದಾಗಲೆಲ್ಲ ಮನೆಗೆ ಕರೆ ಮಾಡಬೇಕಿತ್ತು. ಆಯಿ ಕನ್ನಡಕ ಹುಡುಕಿ, ಚೀಲ ಬಿಚ್ಚಿ, ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತಿತ್ತು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಹೋದರೆ ಟವರೂ ನಿಂತುಬಿಡುತ್ತಿತ್ತು. ಇದಕ್ಕಿಂತ ನನ್ನನ್ನು ಈಗಲೂ ಕಾಡುವ ಸಂಗತಿಯೆಂದರೆ, ಯಾರಿಗೂ ಒಟಿಪಿ ಹೇಳಬಾರದೆಂದು ತಿಳಿಸಬೇಕಾಗಿದ್ದ ಹಿರಿಯ ಜೀವಕ್ಕೆ ಫೋನಿನಲ್ಲಿ ಒಟಿಪಿ ಓದಿ ಹೇಳುವ ರೂಢಿಯನ್ನು ಮಗನಾದ ನಾನೇ ಮಾಡಿಸಿದ್ದೆ.

ಕೊನೆಗೆ ರೀಚಾರ್ಜ್ ಮಾಡಿಸುವುದು ತಪ್ಪಿಹೋಯಿತು. ಹಲವು ತಿಂಗಳ ಬಳಿಕ ನನ್ನ ನಂಬರಿಗೆ ಕರೆ ಮಾಡಿದಾಗ ಪರಿಚಯವಿಲ್ಲದ ಹೆಂಗಸೊಬ್ಬರು ಹಿಂದಿಯಲ್ಲಿ ಉತ್ತರಿಸಿದರು. ನಂಬರು ಬೇರೆಯವರ ಪಾಲಾಗಿತ್ತು. ರಜೆಯಲ್ಲಿ ಊರಿಗೆ ಬಂದು, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು, ಬ್ಯಾಂಕಿಗೆ ಎರಡು ಸಲ ಅಲೆದ ಮೇಲೆಯೇ ಹೊಸ ನಂಬರು ಎಲ್ಲ ಕಡೆ ಸೇರಿತು.

ಆದ್ದರಿಂದ ಎರಡು ಸಿಮ್ ಹಿಡಿಸುವ ಫೋನಿನಲ್ಲಿ ಒಂದು ಕಡೆ ಊರಿನ ಸಿಮ್, ಇನ್ನೊಂದು ಕಡೆ ದುಬೈಯ ಸಿಮ್ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ರೋಮಿಂಗನ್ನು ಊರಿನಲ್ಲಿರುವಾಗಲೇ ಚಾಲೂ ಮಾಡಿಸಿ, ಡೇಟಾ ರೋಮಿಂಗನ್ನು ಮಾತ್ರ ಬಂದ್ ಮಾಡಿಡಿ. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಆ ನಂಬರಿಗೆ ಬಂದ ಕರೆಯನ್ನು ಎತ್ತಿದರೆ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ.

ರೀಚಾರ್ಜ್ ವಿಷಯದಲ್ಲಿ, ಸಿಮ್ಮಿನ ಖಾತೆಯಲ್ಲಿ 20 ರೂಪಾಯಿ ಇದ್ದರೆ ನಂಬರು ರದ್ದಾಗುವುದಿಲ್ಲ ಎಂದು ಹೇಳುವವರಿದ್ದಾರೆ. 90 ದಿನ ಬಳಸದ ಪ್ರೀಪೇಯ್ಡ್ ನಂಬರನ್ನು 20 ರೂಪಾಯಿ ಕಡಿತ ಮಾಡಿ ಮತ್ತೆ 30 ದಿನ ಉಳಿಸಬೇಕೆಂಬ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ 2013ರಿಂದ ಇರುವುದು ನಿಜ. ಆದರೆ ಪ್ಯಾಕ್ ಮುಗಿದ ಮೇಲೆ ಕಂಪನಿಗಳು ಸಾಮಾನ್ಯವಾಗಿ ಒಳಬರುವ ಸೇವೆಯನ್ನೂ ನಿಲ್ಲಿಸುವುದರಿಂದ, ನಂಬರು ಹೆಸರಿಗೆ ಉಳಿದರೂ ಒಟಿಪಿ ಬರಲಾರದು. 2024ರ ಡಿಸೆಂಬರಿನಲ್ಲಿ ಟ್ರಾಯ್, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕೊಡಲೇಬೇಕೆಂದು ಕಂಪನಿಗಳಿಗೆ ವಿಧಿಸಿತು, ಪ್ಯಾಕಿನ ಅವಧಿ 365 ದಿನಗಳವರೆಗೆ ಇರಲು ಅವಕಾಶವನ್ನೂ ಕೊಟ್ಟಿತು. ವರ್ಷದ ಅಂಥ ಪ್ಯಾಕನ್ನು ಹಾಕಿಸಿ, ಅದು ಮುಗಿಯುವ ಒಂದು ವಾರ ಮೊದಲೇ ನೆನಪಿಸುವಂತೆ ಫೋನಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

2023ರಿಂದ ಯುಎಇ ಸೇರಿದಂತೆ ಹತ್ತು ದೇಶಗಳ ನಂಬರುಗಳಿಂದಲೇ, ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆಗಳಾದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಬಳಸಲು ಅವಕಾಶ ದೊರೆತಿದೆ. ಹಾಗಿರುವಾಗ ಊರಿನ ನಂಬರು ಏಕೆ ಎಂದು ನಿಮಗೆ ಅನ್ನಿಸಬಹುದು. ಆಧಾರ್‌ನ ಎಸ್‌ಎಂಎಸ್ ವಿದೇಶಿ ನಂಬರಿಗೆ ಬರುವುದಿಲ್ಲ ಎಂಬ ಒಂದೇ ಕಾರಣ ನನಗೆ ಸಾಕು. ಅಂದ ಹಾಗೆ, ಅನಿವಾಸಿಯಾದ ಮೇಲೆ ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲೇಬೇಕು. ಆ ಅರ್ಜಿ ಕೊಡುವಾಗ ಬ್ಯಾಂಕಿನಲ್ಲಿ ಎರಡೂ ನಂಬರುಗಳ ಬಗ್ಗೆ ಮಾತನಾಡಿಕೊಳ್ಳಿ.

ನಮ್ಮ ಕಡೆ ಎಷ್ಟೋ ಸಿಮ್‌ಗಳು ತಂದೆಯ ಅಥವಾ ಅಣ್ಣನ ಹೆಸರಿನಲ್ಲಿರುತ್ತವೆ. ನಿಮ್ಮದೂ ಹಾಗಿದ್ದರೆ ಹೊರಡುವ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಹಳೆಯ ಸಿಮ್ ಸವೆದಿದ್ದರೆ ಬದಲಾಯಿಸಿಕೊಳ್ಳಿ. ಸಿಮ್ ಬದಲಾಯಿಸಿದ ಮೊದಲ 24 ಗಂಟೆ ಎಸ್‌ಎಂಎಸ್ ಸೇವೆ ಇರುವುದಿಲ್ಲವಾದ್ದರಿಂದ, ಈ ಕೆಲಸವನ್ನು ವಿಮಾನ ಹತ್ತುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.