ಬೆಂಕಿಪೊಟ್ಟಣ ಮುಚ್ಚಿಟ್ಟರೆ ಸಾಕೇ?

ಮೇಡಂ,

ಐದನೇ ಕ್ಲಾಸಿನಲ್ಲಿ ಮೇಣದಬತ್ತಿಯ ಪ್ರಯೋಗ ಮಾಡಿದ್ದಕ್ಕೆ ಪೋಷಕರೊಬ್ಬರು ಜಗಳಕ್ಕೆ ಬಂದರು ಎಂದು ಬರೆದಿದ್ದೀರಿ. 'ಬೆಂಕಿ ಹತ್ತಿರ ಹೋಗಬೇಡಿ ಅಂದರೆ ಸಾಲದೇ?' ಅನ್ನುವುದು ಅವರ ವಾದ.

ಸಾಲದು. ಬೇಡ ಅಂದ ಕೆಲಸವನ್ನು ಮಕ್ಕಳು ಹಿತ್ತಲಲ್ಲಿ, ಯಾರೂ ಇಲ್ಲದಾಗ ಮಾಡುತ್ತಾರೆ. ಅದಕ್ಕಿಂತ ನಿಮ್ಮೆದುರು, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು ನೋಡುವುದೇ ವಾಸಿ. ಕಡ್ಡಿ ಗೀರುವುದು ಮಾತ್ರ ನೀವೇ.

ಇನ್ನೊಂದು ಪ್ರಯೋಗವನ್ನೂ ಸೇರಿಸಿಕೊಳ್ಳಿ. ಚೆನ್ನಾಗಿ ಉರಿಯುತ್ತಿರುವ ಮೇಣದಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ ಅಲ್ವಾ, ಉರಿಯುವ ಕಡ್ಡಿಯನ್ನು ಆ ಎಳೆಗೆ ಹಿಡಿಯಿರಿ. ಬತ್ತಿಗೆ ಕಡ್ಡಿ ತಾಗಿರುವುದೇ ಇಲ್ಲ, ಆದರೂ ಉರಿ ಹೊಗೆಯ ಗುಂಟ ಸರ್‍ರನೆ ಇಳಿದು ಬತ್ತಿ ಹತ್ತಿಕೊಳ್ಳುತ್ತದೆ. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ. 1860ರ ಚಳಿಗಾಲದಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ತೋರಿಸಿದ್ದೂ ಇದನ್ನೇ.

ಇದನ್ನು ಕಣ್ಣಾರೆ ಕಂಡ ಮಗುವಿಗೆ, ಗ್ಯಾಸ್ ವಾಸನೆ ಬಂದಾಗ ಸ್ವಿಚ್ ಯಾಕೆ ಮುಟ್ಟಬಾರದು ಅಂತ ಬಾಯಿಪಾಠ ಮಾಡಿಸಬೇಕಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಂಡಿರುತ್ತದೆ. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಬಾಗಿಲು ತೆಗೆದು, ಹೊರಗೆ ಬಂದು, ದೊಡ್ಡವರನ್ನು ಕೂಗಬೇಕು. ಸೋರಿಕೆಗೆ 1906, ಬೆಂಕಿಗೆ 101 ಅಥವಾ 112ಕ್ಕೆ ಫೋನ್ ಮಾಡಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕುವ ಹಾಗಿಲ್ಲ. ನೀರು ಎಣ್ಣೆಯ ಅಡಿಗಿಳಿದು, ಒಮ್ಮೆಲೇ ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಎರಚುತ್ತದೆ. ಒಲೆ ಆರಿಸಿ ತಟ್ಟೆ ಮುಚ್ಚಬೇಕು. ಅದು ದೊಡ್ಡವರ ಕೆಲಸ.

ಒಂದು ತಕರಾರು. ತಟ್ಟೆಯ ನೀರಿನಲ್ಲಿ ನಿಲ್ಲಿಸಿದ ಉರಿಯುವ ಮೇಣದಬತ್ತಿಯ ಮೇಲೆ ಲೋಟ ಕವುಚಿದಾಗ ಲೋಟದೊಳಗೆ ನೀರು ಏರಿದ್ದಕ್ಕೆ 'ಆಮ್ಲಜನಕವೆಲ್ಲ ಉರಿದು ಖಾಲಿಯಾಯಿತು' ಎಂದು ಹೇಳಿದ್ದೀರಿ. ಎಷ್ಟೋ ಕಡೆ ಹಾಗೇ ಹೇಳಿಕೊಡುತ್ತಾರೆ, ಆದರೆ ತಪ್ಪು. ಬತ್ತಿ ಆರಿದಾಗಲೂ ಒಳಗೆ ಬೇಕಾದಷ್ಟು ಆಮ್ಲಜನಕ ಉಳಿದಿರುತ್ತದೆ. ಬಿಸಿಗಾಳಿ ತಣಿದು ಕುಗ್ಗುವುದೇ ಮುಖ್ಯ ಕಾರಣ. ನೀರು ಜಾಸ್ತಿ ಏರುವುದು ಬತ್ತಿ ಉರಿಯುವಾಗಲೋ, ಆರಿದ ಮೇಲೋ ಎಂದು ಮಕ್ಕಳನ್ನೇ ಕೇಳಿ.

ಆ ಪೋಷಕರಿಗೆ ತಮಿಳುನಾಡಿನ ಕುಂಭಕೋಣದ ಶಾಲೆಯ ವಿಷಯ ಹೇಳಿ. 2004ರ ಜುಲೈ 16ರಂದು ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅಲ್ಲಿ ಯಾವ ಮಗುವೂ ಕಡ್ಡಿ ಗೀರಿರಲಿಲ್ಲ. ನಿಮ್ಮ ಶಾಲೆಯ ಹಿಂದಿನ ಬಾಗಿಲಿಗೆ ಬೀಗ ಹಾಕಿದೆಯೇ ಅಂತ ಅವರನ್ನೂ ಕರೆದುಕೊಂಡು ಹೋಗಿ ನೋಡಿ ಬನ್ನಿ.

– ಸಂ.