ಮಾರ್ಮೊಸೆಟ್‌ನ ಮಿದುಳು ನಮ್ಮ ಮಿದುಳಿನ ಕಿರು ಆವೃತ್ತಿಯೇ?

(ಕಳೆದ ಸಂಚಿಕೆಯ ‘ಅಂಗೈಯಲ್ಲಿ ಮನುಷ್ಯನ ಮಿದುಳು’ ಎಂಬ ಲೇಖನವನ್ನು ಓದಿ, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಓದುಗರೊಬ್ಬರು ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಮಡಿಕೆಗಳು ತೀರಾ ಕಡಿಮೆ ಇರುವ ನುಣುಪು ಮಿದುಳಿನ ಮಾರ್ಮೊಸೆಟ್ ಮಂಗ ಮನುಷ್ಯನಿಗೆ ಮಾದರಿಯಾಗುವುದು ಹೇಗೆ? ಇಲಿಯಿಂದ ಆಗದ ಯಾವ ಕೆಲಸ ಅದರಿಂದ ಆಗಿದೆ? ಗಾತ್ರ ಚಿಕ್ಕದು, ಸಾಕುವುದು ಸುಲಭ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡು, ಆ ಅನುಕೂಲಕ್ಕೇ ನಾವು ವಿಜ್ಞಾನವೆಂದು ಹೆಸರಿಡುತ್ತಿದ್ದೇವೆಯೇ? ಬೇರೆ ದಾರಿ ಇಲ್ಲವೆಂದು ತೋರಿಸದೆ ಅದನ್ನು ಬಳಸಲು ಅನುಮತಿ ಕೊಡಬಾರದೆಂದೂ, ಪ್ರಯೋಗಗಳಲ್ಲಿ ಅದು ಪಡುವ ಸಂಕಟದ ಬಗ್ಗೆಯೂ ಅವರು ಬರೆದಿದ್ದಾರೆ.)

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ಆ ಶೀರ್ಷಿಕೆ ಲೇಖಕರದ್ದಲ್ಲ, ನಾನು ಕೊಟ್ಟದ್ದು. ಈಶಾನ್ಯ ಬ್ರೆಜಿಲಿನ ಕಾಡುಗಳಲ್ಲಿ ಮರದ ತೊಗಟೆಯನ್ನು ಹಲ್ಲಿನಿಂದ ಗೀರಿ ಅಂಟು ನೆಕ್ಕಿ ಬದುಕುವ, ಮುನ್ನೂರೈವತ್ತು ಗ್ರಾಂ ಆಸುಪಾಸು ತೂಗುವ ಪ್ರಾಣಿಯ ತಲೆಯೊಳಗೆ ಇರುವುದು ಸುಮಾರು 8 ಗ್ರಾಂ ಮಿದುಳು. ಅದರಲ್ಲಿ ಅಂದಾಜು 63 ಕೋಟಿ ನರಕೋಶಗಳಿವೆ. ಮನುಷ್ಯನಲ್ಲಿ 8,600 ಕೋಟಿ. ಇದನ್ನು ‘ಮನುಷ್ಯನ ಮಿದುಳು’ ಎಂದು ಕರೆದದ್ದು ಓದುಗರನ್ನು ಸೆಳೆಯುವ ಆತುರದಲ್ಲಿ ಆದ ಅತಿಶಯೋಕ್ತಿ. ನಿಮ್ಮ ಆಕ್ಷೇಪಗಳಲ್ಲಿ ಅರ್ಧಕ್ಕರ್ಧ ಹುಟ್ಟಿರುವುದು ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ.

ಆದರೆ ನುಣುಪಿನ ವಿಷಯದಲ್ಲಿ ನಾನು ನಿಮ್ಮೊಂದಿಗೆ ಪೂರ್ತಿಯಾಗಿ ಒಪ್ಪಲಾರೆ. ಮಿದುಳಿನ ಮೇಲ್ಪದರ ಎಷ್ಟು ಮಡಿಚಿಕೊಂಡಿದೆ ಎಂಬುದಕ್ಕೂ ಅದರ ಒಟ್ಟು ಗಾತ್ರಕ್ಕೂ ಹತ್ತಿರದ ನಂಟಿದೆ. ಮಡಿಕೆ ಇಲ್ಲವೆಂದ ಮಾತ್ರಕ್ಕೆ ಒಳಗಿನ ವಿಭಾಗಗಳೂ ಇಲ್ಲವೆಂದು ಹೇಳಲಾಗದು. ಚಲನೆಯನ್ನು ಗುರುತಿಸುವ ‘ಎಂಟಿ’ ಎಂಬ ದೃಷ್ಟಿಕ್ಷೇತ್ರವನ್ನು ನೋಡಿ: ಮಕಾಕ್ ಕೋತಿಯಲ್ಲಿ ಅದು ಆಳವಾದ ಸೀಳಿನೊಳಗೆ ಹುದುಗಿರುತ್ತದೆ, ಮಾರ್ಮೊಸೆಟ್‌ನಲ್ಲಿ ಮೇಲ್ಮೈಯಲ್ಲೇ ತೆರೆದುಕೊಂಡಿರುತ್ತದೆ. ಸೂಕ್ಷ್ಮದರ್ಶಕದಿಂದ ನರಕೋಶಗಳ ಚಟುವಟಿಕೆಯನ್ನು ನೋಡಬೇಕೆನ್ನುವವರಿಗೆ ನೀವು ಕೊರತೆಯೆಂದು ಬರೆದ ಆ ನುಣುಪೇ ಬಾಗಿಲು ತೆರೆದುಕೊಡುತ್ತದೆ. ಕಣ್ಣಿನ ಹಿಂಪದರದಲ್ಲಿ ನಿಚ್ಚಳ ನೋಟಕ್ಕೆಂದೇ ಇರುವ ಫೋವಿಯಾ ಎಂಬ ಕುಳಿ ನಮಗೂ ಇದೆ, ಮಾರ್ಮೊಸೆಟ್‌ಗೂ ಇದೆ, ಇಲಿಗೆ ಇಲ್ಲ. ಒಂದು ಮುಖದಿಂದ ಇನ್ನೊಂದು ಮುಖಕ್ಕೆ ದೃಷ್ಟಿ ಹಾಯಿಸುವ ಕ್ರಿಯೆಯನ್ನು ಇಲಿಯಲ್ಲಿ ಅಭ್ಯಸಿಸಲು ಹೊರಟರೆ ಬುಡದಲ್ಲೇ ಎಡವುತ್ತೇವೆ.

ಮಾರ್ಮೊಸೆಟ್‌ನ ನಿಜವಾದ ಬೆಲೆ ಅದರ ಮಾತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇವು ಕುಟುಂಬವಾಗಿ ಬಾಳುವ ಪ್ರಾಣಿಗಳು. ಹುಟ್ಟುವುದು ಸಾಮಾನ್ಯವಾಗಿ ಅವಳಿ, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದರಲ್ಲಿ ತಂದೆಗೂ ಅಣ್ಣ ಅಕ್ಕಂದಿರಿಗೂ ಪಾಲಿದೆ. ಸಂಗಾತಿ ಕಣ್ಣಿಗೆ ಮರೆಯಾದಾಗ ಇವು ‘ಫೀ’ ಎಂದು ಉದ್ದಕ್ಕೆ ಕೂಗುತ್ತವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಆಸಿಫ್ ಘಜನ್‌ಫರ್ ಅವರ ತಂಡ 2013ರಲ್ಲಿ ತೋರಿಸಿದಂತೆ, ಒಂದು ಕೂಗಿ ಮುಗಿಸಿದ ಮೇಲೆ ಇನ್ನೊಂದು ಸುಮಾರು ಐದು ಸೆಕೆಂಡು ಕಾದು ಉತ್ತರಿಸುತ್ತದೆ. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವುದಿಲ್ಲ. (ನಮ್ಮ ಟಿವಿ ಚರ್ಚೆಗಳಲ್ಲಿ ಕೂರುವವರಿಗೆ ಈ ಪ್ರಬಂಧವನ್ನು ಕಳುಹಿಸುವ ಆಸೆ ನನಗೆ ಬಹಳ ದಿನದಿಂದ ಇದೆ.) ಎರಡು ವರ್ಷದ ನಂತರ ಅದೇ ತಂಡ ಇನ್ನೊಂದು ಸಂಗತಿಯನ್ನು ಕಂಡುಕೊಂಡಿತು: ಹೆತ್ತವರು ಹೆಚ್ಚು ಓಗೊಟ್ಟ ಮರಿಗಳ ಅಳು ಬೇಗ ಪ್ರೌಢ ಕೂಗಾಗಿ ಮಾಗುತ್ತದೆ. ಮಗು ಮಾತು ಕಲಿಯುವ ಬಗೆಯನ್ನು, ಮಾತು ಕಲಿಯಲು ತೊಡಕಾಗುವ ಮಕ್ಕಳ ಮಿದುಳನ್ನು ಅರಿಯಲು ಹೊರಟವರಿಗೆ ಇದು ಸಣ್ಣ ಸುಳಿವಲ್ಲ.

ಸಾಕುವ ಅನುಕೂಲದ ಮಾತು ನಿಜವೇ, ಮುಚ್ಚಿಡುವುದೇಕೆ? ಸುಮಾರು ಐದು ತಿಂಗಳ ಗರ್ಭ, ಅವಳಿ ಮರಿ, ಒಂದೂವರೆ ವರ್ಷಕ್ಕೆ ಪ್ರಾಯ. ಜಪಾನಿನ ಎರಿಕಾ ಸಸಾಕಿ, ಹಿದೆಯುಕಿ ಒಕಾನೊ ಮತ್ತು ಸಂಗಡಿಗರು ಹಸಿರಾಗಿ ಹೊಳೆಯುವ ಪ್ರೋಟೀನಿನ ವಂಶವಾಹಿಯನ್ನು ಮಾರ್ಮೊಸೆಟ್‌ಗೆ ಸೇರಿಸಿ, ಅದು ಮುಂದಿನ ಪೀಳಿಗೆಗೂ ಇಳಿದದ್ದನ್ನು 2009ರಲ್ಲಿ ಪ್ರಕಟಿಸಲು ಸಾಧ್ಯವಾದದ್ದು ಈ ವೇಗದಿಂದಲೇ. 2014ರಲ್ಲಿ ಜಪಾನ್ ತನ್ನ ‘ಬ್ರೈನ್ ಮೈಂಡ್ಸ್’ ಎಂಬ ಮಿದುಳು ಸಂಶೋಧನಾ ಯೋಜನೆಯ ನಡುವೆ ಇದೇ ಮಂಗವನ್ನು ಇಟ್ಟುಕೊಂಡಿತು. ಆದರೆ ಅವಳಿಗಳು ಗರ್ಭದಲ್ಲಿ ರಕ್ತನಾಳಗಳನ್ನು ಹಂಚಿಕೊಳ್ಳುವುದರಿಂದ ಒಂದರ ನೆತ್ತರಿನಲ್ಲಿ ಇನ್ನೊಂದರ ಕೋಶಗಳು ಹರಿಯುತ್ತಿರುತ್ತವೆ. ಬರಿಯ ರಕ್ತಪರೀಕ್ಷೆಯನ್ನು ನಂಬಿ ವಂಶವಾಹಿಯ ಲೆಕ್ಕ ಹಾಕುವವರು ಮೋಸಹೋಗುತ್ತಾರೆ. ನಿಮ್ಮಂಥ ಪ್ರಾಣಿಶಾಸ್ತ್ರಜ್ಞರಿಗೆ ಹಿಡಿಸುವ ವಿವರವೆಂದು ಇದನ್ನು ಸೇರಿಸಿದ್ದೇನೆ.

ಇನ್ನು, ಇಲಿಯಿಂದ ಆಗದ ಕೆಲಸ. 1982ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಯುವ ವ್ಯಸನಿಗಳು ಕಲಬೆರಕೆ ಮಾದಕವಸ್ತುವನ್ನು ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ಪಾರ್ಕಿನ್ಸನ್ ರೋಗಿಗಳಂತೆ ಸೆಟೆದುಹೋದರು. ಕಾರಣ ‘ಎಂಪಿಟಿಪಿ’ ಎಂಬ ರಾಸಾಯನಿಕ. ಹೆಗ್ಗಣ ಜಾತಿಯ ಪ್ರಯೋಗದ ಇಲಿಗಳು ಅದನ್ನು ಬಹುಮಟ್ಟಿಗೆ ತಾಳಿಕೊಂಡವು, ಮಂಗಗಳು ತಾಳಲಿಲ್ಲ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪಾ ಔಷಧಿಯನ್ನು ದೀರ್ಘಕಾಲ ಸೇವಿಸಿದವರಲ್ಲಿ ಕಾಣುವ ಅಂಕೆಯಿಲ್ಲದ ಅಂಗಚಲನೆಯನ್ನು ಮಾರ್ಮೊಸೆಟ್‌ಗಳಲ್ಲಿ ಅಧ್ಯಯನ ಮಾಡಲು ಆದದ್ದು ಆ ಬಳಿಕವೇ. ಇದಕ್ಕೆ ಎದುರಾದ ಕಥೆಯನ್ನು ನಮ್ಮ ಲೇಖನ ಹೇಳಲೇ ಇಲ್ಲ, ಹೇಳಬೇಕಿತ್ತು. ‘ಎನ್‌ಎಕ್ಸ್‌ವೈ-059’ ಎಂಬ ಔಷಧಿ ಪಾರ್ಶ್ವವಾಯು ಉಂಟುಮಾಡಿದ ಮಾರ್ಮೊಸೆಟ್‌ಗಳಲ್ಲಿ ಚೆನ್ನಾಗಿ ಫಲಿಸಿತು. ಮನುಷ್ಯರಲ್ಲಿ ನಡೆದ ಮೊದಲ ದೊಡ್ಡ ಪರೀಕ್ಷೆಯೂ ಆಸೆ ಹುಟ್ಟಿಸಿತು. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಎರಡನೆಯ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾದಾಗ ಔಷಧಿಯಿಂದ ಪ್ರಯೋಜನವಿಲ್ಲವೆಂದು ತಿಳಿಯಿತು. ಮಂಗದಲ್ಲಿ ಕಂಡದ್ದು ಮನುಷ್ಯನಲ್ಲೂ ಕಾಣುತ್ತದೆಂದು ಭರವಸೆ ಕೊಡುವವರನ್ನು ಈ ಒಂದು ಉದಾಹರಣೆಯಿಂದ ನಿಲ್ಲಿಸಬಹುದು. ನಿರ್ದಿಷ್ಟ ಪ್ರಶ್ನೆಯೊಂದನ್ನು ಮುಂದಿಟ್ಟುಕೊಂಡು, ಬೇರೆ ಪ್ರಾಣಿಯಿಂದ ಅದಕ್ಕೆ ಉತ್ತರ ಸಿಗದೆಂದು ತೋರಿಸುವವರೆಗೆ ಮಾರ್ಮೊಸೆಟ್ ಬಳಸಲು ಅನುಮತಿ ಕೊಡಬಾರದೆಂಬ ನಿಮ್ಮ ಮಾತಿಗೆ ನನ್ನ ಸಹಮತವಿದೆ.

ಅವುಗಳ ಸಂಕಟದ ಬಗ್ಗೆ ನೀವು ಬರೆದ ಸಾಲು ನನ್ನನ್ನು ಹೆಚ್ಚು ಹೊತ್ತು ಕಾಡಿತು. ವಿಜ್ಞಾನಿಗಳು ಧ್ವನಿಮುದ್ರಿಸಿಕೊಳ್ಳುವ ‘ಫೀ’ ಕೂಗು ಮೂಲತಃ ಅಗಲಿದ ಪ್ರಾಣಿಯ ಕೂಗು ಎಂಬುದನ್ನು ಮರೆಯುವಂತಿಲ್ಲ. ಒಂಟಿ ಪಂಜರ ಇಂಥ ಪ್ರಾಣಿಗೆ ಶಿಕ್ಷೆ, ಸಂಶೋಧನೆಗೂ ಕೇಡು. ಕಂಗೆಟ್ಟ ಮಿದುಳನ್ನು ಅಳೆದು ಸಹಜ ಮಿದುಳೆಂದು ಬರೆದುಕೊಂಡಂತಾಗುತ್ತದೆ. ಬೇರೆ ದಾರಿ ಇದೆ ಎನ್ನಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಅವರ ತಂಡ ಅಧ್ಯಯನ ಮಾಡುವುದು ಮಾರ್ಮೊಸೆಟ್‌ಗಳನ್ನಲ್ಲ, ನಮ್ಮ ದೇವಸ್ಥಾನಗಳ ಸುತ್ತ ಕಾಣುವ, ತಲೆಗೂದಲು ಟೋಪಿಯಂತೆ ಹರಡಿದ ಬಾನೆಟ್ ಮಕಾಕ್‌ಗಳನ್ನು. ಅವುಗಳನ್ನು ಕಟ್ಟಿಹಾಕದೆ, ಗುಂಪಾಗಿ ಓಡಾಡುವ ಆವರಣದಲ್ಲೇ ಟಚ್‌ಸ್ಕ್ರೀನ್ ಇರಿಸಿ, ಬಂದು ಕುಳಿತು ಆಡಿದ ಮಂಗಕ್ಕೆ ಹಣ್ಣಿನ ರಸ ಕೊಡುವ ವಿಧಾನವನ್ನು ಅವರು 2021ರಲ್ಲಿ ಪ್ರಕಟಿಸಿದರು. ಪಳಗಿದ ಮಂಗಗಳ ಆಟವನ್ನು ಪಕ್ಕದಲ್ಲಿ ನಿಂತು ನೋಡಿಯೇ ಹೊಸ ಮಂಗವೊಂದು ಅದನ್ನು ಕಲಿತದ್ದು ಅಲ್ಲಿನ ಸ್ವಾರಸ್ಯದ ಫಲ. ಹೀಗೆ ಮಾಡಿದರೆ ಎಲ್ಲ ಪ್ರಯೋಗಗಳೂ ನೋವಿಲ್ಲದೆ ಮುಗಿಯುತ್ತವೆಂದು ನಾನು ಹೇಳುತ್ತಿಲ್ಲ. ಪಾರ್ಕಿನ್ಸನ್ ಅಥವಾ ಪಾರ್ಶ್ವವಾಯುವಿನ ಮಾದರಿಗಳಲ್ಲಿ ಪ್ರಾಣಿ ನರಳಿಯೇ ನರಳುತ್ತದೆ, ಅದಕ್ಕೆ ಸವಿಮಾತಿನ ಹೊದಿಕೆ ಬೇಡ.

ಶೀರ್ಷಿಕೆಯ ತಿದ್ದುಪಡಿ ಮುಂದಿನ ಸಂಚಿಕೆಯ ಎರಡನೆಯ ಪುಟದಲ್ಲಿ ಬರುತ್ತದೆ. ಪಾರ್ಶ್ವವಾಯುವಿನ ಆ ವಿಫಲ ಔಷಧಿಯ ಕಥೆಯನ್ನು ವಿವರವಾಗಿ ಬರೆದುಕೊಡುವಂತೆ ಅದೇ ಲೇಖಕರನ್ನು ಕೇಳಿಕೊಂಡಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಅದರ ಕರಡನ್ನು ನೀವೊಮ್ಮೆ ನೋಡಿಕೊಡಬೇಕೆಂದು ಕೋರುತ್ತೇನೆ.

– ಸಂಪಾದಕ